ಮಡಿಲೂ ಮೂಲವೂ: ಅಮೆರಿಕದ ಕಪ್ಪು ದತ್ತುಮಕ್ಕಳ ಕಥೆ

ಹೆತ್ತವರಿಂದ ಅಗಲಿದ ಶಿಶುವಿಗೆ ಬೇರೊಂದು ಮನೆಯ ಮಡಿಲು ದೊರೆತಾಗ ಅನ್ನ, ವಸ್ತ್ರ, ವಿದ್ಯೆ, ಹೆಸರು, ಆಸ್ತಿಯಲ್ಲಿ ಹಕ್ಕು ಇವೆಲ್ಲವೂ ನ್ಯಾಯಾಲಯದ ಒಂದು ಆಜ್ಞೆಯಿಂದ ಒಂದೇ ದಿನದಲ್ಲಿ ಅದಕ್ಕೆ ಲಭಿಸಬಹುದು. ಆದರೆ ತಾನು ಯಾರು, ತನ್ನವರೆಂಬವರು ಯಾರು ಎಂಬ ಪ್ರಶ್ನೆಗೆ ಉತ್ತರವನ್ನು ಯಾವ ನ್ಯಾಯಾಧೀಶನೂ ಬರೆದುಕೊಡಲಾರನು. ಈ ಪ್ರಶ್ನೆಯು ಸಾಮಾನ್ಯವಾಗಿ ದತ್ತುಮಗುವಿನ ಮನಸ್ಸಿನೊಳಗೇ ಹುಟ್ಟಿ, ಮನೆಯವರು ಪ್ರೀತಿಯಿಂದ ಹೇಳುವ ನಾಲ್ಕು ಮಾತುಗಳಿಂದ ಕಾಲಕ್ರಮದಲ್ಲಿ ಶಮನಗೊಳ್ಳುವುದುಂಟು. ಆದರೆ ಮನುಷ್ಯನ ಹುಟ್ಟು, ದುಡಿಮೆ, ವಿವಾಹ, ಕಡೆಗೆ ಅವನನ್ನು ಹೂಳುವ ನೆಲ ಇವೆಲ್ಲವನ್ನೂ ಮೈಬಣ್ಣದಿಂದಲೇ ಮುನ್ನೂರು ವರ್ಷಗಳ ಕಾಲ ನಿರ್ಣಯಿಸಿದ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ, ಬಿಳಿಯ ತಾಯ್ತಂದೆಗಳ ಮನೆಯಲ್ಲಿ ಬೆಳೆಯುವ ಕಪ್ಪು ಮಗುವಿಗೆ ಈ ಪ್ರಶ್ನೆಯು ಒಳಗಿನಿಂದ ಹುಟ್ಟುವ ಮುನ್ನವೇ ಹೊರಗಿನಿಂದ ಬಂದೊದಗುತ್ತದೆ: ಶಾಲೆಯ ಅಂಗಳದಲ್ಲಿ, ಅಂಗಡಿಯ ಬಾಗಿಲಿನಲ್ಲಿ, ಬೀದಿಯ ಪೊಲೀಸನ ನೋಟದಲ್ಲಿ. ಇಂತಹ ಮಕ್ಕಳನ್ನು ಬಿಳಿಯರ ಮನೆಗೆ ಕೊಡಬಹುದೇ, ಕೊಡಬಾರದೇ ಎಂಬ ವಾದವು ಅಲ್ಲಿ ಅರ್ಧಶತಮಾನಕ್ಕೂ ಮಿಕ್ಕಿ ನಡೆದಿದೆ. ಆ ವಾದಕ್ಕಿಂತ ಹಿಂದಕ್ಕೆ ಹೋಗಿ, ಬಿಳಿಯರ ಮನೆಯೊಂದೇ ಆ ಮಗುವಿಗೆ ಗತಿಯೆಂಬ ಸ್ಥಿತಿ ಹೇಗೆ ಉಂಟಾಯಿತು ಎಂಬುದನ್ನು ನೋಡಿದಲ್ಲದೆ ಅದರ ನ್ಯಾಯಾನ್ಯಾಯಗಳ ವಿವೇಚನೆ ಸಾಧ್ಯವಾಗದು.

1662ರಲ್ಲಿ ವರ್ಜೀನಿಯ ವಸಾಹತಿನ ಶಾಸನಸಭೆಯು, ಹುಟ್ಟಿದ ಮಗುವು ಸ್ವತಂತ್ರವೋ ದಾಸವೋ ಎಂಬುದನ್ನು ತಾಯಿಯ ಸ್ಥಿತಿಯೇ ನಿರ್ಣಯಿಸತಕ್ಕದ್ದೆಂದು ವಿಧಿಸಿತು. ತಂದೆಯಿಂದ ಕುಲವನ್ನೂ ಹಕ್ಕನ್ನೂ ಎಣಿಸುತ್ತಿದ್ದ ಇಂಗ್ಲಿಷರ ಸಂಪ್ರದಾಯವನ್ನು ಈ ಒಂದು ವಿಧಿಯು ತಲೆಕೆಳಗು ಮಾಡಿತು. ಒಡೆಯನಿಗೇ ಹುಟ್ಟಿದ ಮಗುವಾದರೂ ದಾಸಿಯ ಬಸಿರಿನಲ್ಲಿ ಬಂದದ್ದಾದರೆ ಅದು ಒಡೆಯನ ಸ್ವತ್ತಿನ ಪಟ್ಟಿಗೆ ಸೇರಿತು. ಸ್ವತ್ತೆಂದಮೇಲೆ ಅದನ್ನು ಮಾರಬಹುದು, ಒತ್ತೆಯಿಡಬಹುದು, ಸಾಲ ತೀರಿಸಲು ಕೊಡಬಹುದು. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ವರ್ಜೀನಿಯ, ಮೇರಿಲ್ಯಾಂಡ್ ಮೊದಲಾದ ಹಳೆಯ ಸಂಸ್ಥಾನಗಳಿಂದ ದಕ್ಷಿಣದ ಹತ್ತಿಯ ನೆಲಕ್ಕೆ ದಾಸರನ್ನು ಸಾಗಿಸುವ ವ್ಯಾಪಾರವು ಬೆಳೆದಂತೆಲ್ಲ ತಾಯಿಯಿಂದ ಮಗುವನ್ನೂ, ಅಣ್ಣನಿಂದ ತಂಗಿಯನ್ನೂ ಬೇರ್ಪಡಿಸುವುದು ಹರಾಜುಕಟ್ಟೆಯ ನಿತ್ಯಕರ್ಮವಾಯಿತು. ಹೀಗೆ ಒಂಟಿಯಾಗಿ ಉಳಿದ ಮಗುವನ್ನು, ಅಥವಾ ಗೊತ್ತಿಲ್ಲದ ತೋಟಕ್ಕೆ ಒಂಟಿಯಾಗಿ ಬಂದಿಳಿದ ಮಗುವನ್ನು, ಆ ತೋಟದ ಗುಡಿಸಲುಗಳಲ್ಲಿದ್ದ ಯಾರೋ ಒಬ್ಬ ಹೆಂಗಸು ತನ್ನ ಮಕ್ಕಳ ಜೊತೆಗೆ ಮಲಗಿಸಿಕೊಂಡಳು. ರಕ್ತಸಂಬಂಧವಿಲ್ಲದ ಹಿರಿಯರನ್ನೂ ಆ ಮಗು ಅತ್ತೆ, ಮಾವ ಎಂದು ಕರೆಯಲು ಕಲಿಯಿತು. ಕಾನೂನಿನ ದೃಷ್ಟಿಯಲ್ಲಿ ಈ ಸಂಬಂಧಕ್ಕೆ ಯಾವ ಬೆಲೆಯೂ ಇರಲಿಲ್ಲ, ಏಕೆಂದರೆ ಆ ಹೆಂಗಸಿಗೇ ಕಾನೂನಿನಲ್ಲಿ ವ್ಯಕ್ತಿತ್ವವಿರಲಿಲ್ಲ. ಆದಾಗ್ಯೂ ಕಪ್ಪು ಜನರ ದತ್ತಕದ ಮೊದಲ ಅಧ್ಯಾಯವು ಆ ಗುಡಿಸಲುಗಳಲ್ಲಿಯೇ ರಚಿತವಾಯಿತೆಂಬುದನ್ನು ಮರೆಯಲಾಗದು.

1865ರಲ್ಲಿ ದೇಶದಾದ್ಯಂತ ದಾಸ್ಯವು ರದ್ದಾದೊಡನೆ ಬಿಡುಗಡೆ ಹೊಂದಿದವರಲ್ಲಿ ಅನೇಕರು ಮೊದಲು ಕೈಗೊಂಡ ಕಾರ್ಯವೆಂದರೆ ಕಳೆದುಹೋದ ಮಕ್ಕಳನ್ನೂ ತಾಯ್ತಂದೆಗಳನ್ನೂ ಹುಡುಕುವುದು. ಕಪ್ಪು ಜನರ ಚರ್ಚುಗಳು ಹೊರಡಿಸುತ್ತಿದ್ದ ಪತ್ರಿಕೆಗಳಲ್ಲಿ ಇಂತಹ ಪ್ರಕಟಣೆಗಳು ದಶಕಗಳ ಕಾಲ ಅಚ್ಚಾದವು. ಇಂತಹ ಒಡೆಯನ ಬಳಿ ಇದ್ದೆವು, ಇಂತಹ ವರ್ಷ ಇಂತಹವನಿಗೆ ನಮ್ಮನ್ನು ಮಾರಿದರು, ತಾಯಿಯ ಹೆಸರು ಇದು, ಅಣ್ಣನ ಹೆಸರು ಇದು, ಬಲ್ಲವರು ತಿಳಿಸಬೇಕು ಎಂಬಷ್ಟೇ ಅವುಗಳ ಒಕ್ಕಣೆ. ನ್ಯೂ ಆರ್ಲಿಯನ್ಸ್‌ನ ಒಂದು ಪತ್ರಿಕೆಯು 1879ರಿಂದ ಇದಕ್ಕಾಗಿಯೇ ಒಂದು ಅಂಕಣವನ್ನು ಮೀಸಲಿಟ್ಟಿತು; ಅಕ್ಷರ ಬಾರದವರ ಕಿವಿಗೂ ಬೀಳಲೆಂದು ಪಾದ್ರಿಗಳು ಅದನ್ನು ಪ್ರಾರ್ಥನೆಯ ವೇಳೆಯಲ್ಲಿ ಗಟ್ಟಿಯಾಗಿ ಓದಬೇಕೆಂದು ಆ ಪತ್ರಿಕೆಯು ಕೋರಿತ್ತು. ಇತ್ತ ದಕ್ಷಿಣದ ಸಂಸ್ಥಾನಗಳ ಹಳೆಯ ಒಡೆಯರಾದರೋ ಮಕ್ಕಳ ದುಡಿಮೆಯನ್ನು ಬಿಟ್ಟುಕೊಡಲು ಸಿದ್ಧರಿರಲಿಲ್ಲ. ಅನಾಥರೆಂದೋ, ಪೋಷಿಸಲು ತಾಯ್ತಂದೆಗಳಿಗೆ ಶಕ್ತಿಯಿಲ್ಲವೆಂದೋ ನೆಪವೊಡ್ಡಿ ಕಪ್ಪು ಮಕ್ಕಳನ್ನು ಕಸುಬು ಕಲಿಸುವ ಕರಾರಿನ ಹೆಸರಿನಲ್ಲಿ ಅದೇ ಒಡೆಯರಿಗೆ ಕಟ್ಟಿಹಾಕುವ ವಿಧಿಗಳು ಬಂದವು. ಮೇರಿಲ್ಯಾಂಡಿನಲ್ಲಿ 1864ರ ನವೆಂಬರಿನಲ್ಲಿ ಬಿಡುಗಡೆ ಹೊಂದಿದ ಎಲಿಜಬೆತ್ ಟರ್ನರ್ ಎಂಬ ಬಾಲೆಯನ್ನು ಕೆಲವೇ ದಿನಗಳೊಳಗೆ ಹೀಗೆ ಹಳೆಯ ಒಡೆಯನಿಗೆ ಕರಾರು ಬರೆದುಕೊಡಲಾಗಿತ್ತು. 1867ರಲ್ಲಿ ಮುಖ್ಯ ನ್ಯಾಯಮೂರ್ತಿ ಸಾಮನ್ ಚೇಸ್ ಆ ಕರಾರು ದಾಸ್ಯವನ್ನು ನಿಷೇಧಿಸಿದ ಹದಿಮೂರನೆಯ ತಿದ್ದುಪಡಿಗೆ ವಿರುದ್ಧವೆಂದು ತೀರ್ಪಿತ್ತು ಅವಳನ್ನು ಬಿಡಿಸಿದನು. ಅನಾಥರಕ್ಷಣೆ ಎಂಬ ಪವಿತ್ರವಾದ ಹೆಸರಿನಡಿಯಲ್ಲಿ ಮಗುವನ್ನು ಅದರ ಜನರಿಂದ ಕಿತ್ತುಕೊಳ್ಳಬಹುದೆಂಬ ಪಾಠವನ್ನು ಕಪ್ಪು ಜನರು ಆಗಲೇ ಕಲಿತರು. ಮುಂದೆ ನೂರು ವರ್ಷಗಳ ಬಳಿಕ ಅವರಾಡಿದ ಕಠಿಣವಾದ ಮಾತುಗಳ ಹಿಂದೆ ಈ ನೆನಪು ಇದ್ದಿತು.

ಆ ಜನರು ತಮ್ಮ ಮಕ್ಕಳನ್ನು ತಾವೇ ಸಾಕಿಕೊಂಡ ಬಗೆಗೆ ಒಂದು ನಿದರ್ಶನವನ್ನು ಹೇಳಬೇಕು. ಕ್ಯಾರಿ ಸ್ಟೀಲ್ ಎಂಬ ಹೆಂಗಸು ದಾಸ್ಯದಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲಿಯೇ ಹೆತ್ತವರನ್ನು ಕಳೆದುಕೊಂಡವಳು; ಅಟ್ಲಾಂಟ ನಗರದ ರೈಲ್ವೆ ನಿಲ್ದಾಣದಲ್ಲಿ ಅವಳಿಗೆ ಕೆಲಸ. ನಿಲ್ದಾಣದಲ್ಲಿ ಯಾರೋ ಬಿಟ್ಟುಹೋದ ಕಪ್ಪು ಮಕ್ಕಳು ಅವಳ ಕಣ್ಣಿಗೆ ಬೀಳುತ್ತಿದ್ದವು. ಹಗಲೆಲ್ಲ ಅವುಗಳನ್ನು ಬರಿದಾದ ಸರಕುಡಬ್ಬಿಯೊಂದರಲ್ಲಿ ಆಡಲು ಬಿಟ್ಟು, ಕೆಲಸ ಮುಗಿದೊಡನೆ ತನ್ನ ಮನೆಗೆ ಕರೆದೊಯ್ದು ಉಣಿಸಿ ಮಲಗಿಸುತ್ತಿದ್ದಳಂತೆ. ಮನೆ ಸಾಲದಾದಾಗ ತನ್ನ ಜೀವನವೃತ್ತಾಂತವನ್ನು ಚಿಕ್ಕ ಪುಸ್ತಕವಾಗಿ ಬರೆದು ಮಾರಿದಳು; ಇದ್ದ ಮನೆಯನ್ನೂ ಮಾರಿದಳು; ಊರವರಿಂದ ಚಂದಾ ಎತ್ತಿದಳು. ಹಾಗೆ 1888ರಲ್ಲಿ ಅವಳು ಸ್ಥಾಪಿಸಿದ ಅನಾಥಾಲಯವು ಅವಳ ಹೆಸರನ್ನು ಹೊತ್ತು ಉಳಿದು ಬಂದಿದೆ. ಅಜ್ಜಿ, ಸೋದರತ್ತೆ, ನೆರೆಯಾಕೆ, ಚರ್ಚಿನ ಹಿರಿಯಳು ಹೀಗೆ ಯಾರ ಮನೆಯಲ್ಲಾದರೂ ಒಂದು ಹೆಚ್ಚಿನ ಮಗುವಿರುವುದು ಕಪ್ಪು ಜನರ ಕೇರಿಗಳಲ್ಲಿ ಆಶ್ಚರ್ಯದ ಸಂಗತಿಯಾಗಿರಲಿಲ್ಲ. ಸಮಾಜಶಾಸ್ತ್ರಜ್ಞನಾದ ರಾಬರ್ಟ್ ಹಿಲ್ 1977ರಲ್ಲಿ ಈ ಪದ್ಧತಿಯನ್ನು ಕುರಿತೇ ಒಂದು ಗ್ರಂಥವನ್ನು ಬರೆಯುವವರೆಗೆ ಸರ್ಕಾರದ ಮಕ್ಕಳ ಇಲಾಖೆಗಳು ಇದನ್ನು ದತ್ತಕವೆಂದು ಲೆಕ್ಕಿಸುವ ಗೋಜಿಗೆ ಹೋದದ್ದು ತೀರ ವಿರಳ.

ಬಿಳಿಯ ದಾನಿಗಳು ಕಟ್ಟಿದ ಆಶ್ರಯಗಳ ಚರಿತ್ರೆ ಬೇರೆ. ನ್ಯೂಯಾರ್ಕ್ ನಗರದಲ್ಲಿ 1836ರಲ್ಲಿ ಕ್ವೇಕರ್ ಪಂಥದ ಮಹಿಳೆಯರು, ಬೇರಾವ ಅನಾಥಾಲಯವೂ ಕಪ್ಪು ಮಕ್ಕಳನ್ನು ಸೇರಿಸಿಕೊಳ್ಳದಿದ್ದುದನ್ನು ಕಂಡು, ಅವರಿಗಾಗಿಯೇ ಒಂದು ಅನಾಥಾಲಯವನ್ನು ತೆರೆದರು. ಅಮೆರಿಕದ ಕಪ್ಪು ಜನರಲ್ಲಿ ವೈದ್ಯಪದವಿಯನ್ನು ಪಡೆದ ಮೊದಲಿಗನಾದ ಜೇಮ್ಸ್ ಮೆಕ್ಯೂನ್ ಸ್ಮಿತ್ ಅಲ್ಲಿನ ಮಕ್ಕಳಿಗೆ ವೈದ್ಯನಾಗಿದ್ದನು. 1863ರ ಜುಲೈ 13ರಂದು, ಅಂತರ್ಯುದ್ಧಕ್ಕೆ ಬಲವಂತವಾಗಿ ಸೈನಿಕರನ್ನು ಸೇರಿಸುವ ಕಾನೂನಿನ ವಿರುದ್ಧ ದಂಗೆಯೆದ್ದ ಬಿಳಿಯರ ಗುಂಪೊಂದು ಐದನೆಯ ಅವೆನ್ಯೂದಲ್ಲಿದ್ದ ಆ ಕಟ್ಟಡಕ್ಕೆ ನುಗ್ಗಿ, ಹಾಸಿಗೆ ಮಂಚಗಳನ್ನು ದೋಚಿ, ಬೆಂಕಿಯಿಟ್ಟಿತು. ಒಳಗಿದ್ದ 233 ಮಕ್ಕಳನ್ನು ಮೇಲ್ವಿಚಾರಕರು ಹಿಂಬಾಗಿಲಿನಿಂದ ಸದ್ದಿಲ್ಲದೆ ಹೊರಡಿಸಿ ಪೊಲೀಸ್ ಠಾಣೆಗೆ ಸೇರಿಸಿ ಉಳಿಸಿದರು. ಇದಾದಮೇಲೂ ಬಿಳಿಯ ಅನಾಥರ ಕಡೆಗೆ ಹರಿದ ದಯೆಯು ಕಪ್ಪು ಅನಾಥರ ಕಡೆಗೆ ಅಷ್ಟಾಗಿ ಹರಿಯಲಿಲ್ಲ. 1854ರಿಂದ 1929ರವರೆಗೆ ಪೂರ್ವದ ನಗರಗಳಿಂದ ಮಕ್ಕಳನ್ನು ರೈಲಿನಲ್ಲಿ ತುಂಬಿ ಪಶ್ಚಿಮದ ರೈತರ ಮನೆಗಳಿಗೆ ಹಂಚಿದ ಪ್ರಸಿದ್ಧವಾದ ಯೋಜನೆಯಲ್ಲಿಯೂ ಕಪ್ಪು ಮಕ್ಕಳಿಗೆ ಸ್ಥಳ ದೊರೆತದ್ದು ಅತ್ಯಲ್ಪ.

ದತ್ತಕಕ್ಕೆ ಆಧುನಿಕ ಸ್ವರೂಪವನ್ನು ಕೊಟ್ಟ ಮೊದಲ ಅಮೆರಿಕನ್ ಶಾಸನವು ಮ್ಯಾಸಚೂಸೆಟ್ಸ್ ಸಂಸ್ಥಾನದಲ್ಲಿ 1851ರಲ್ಲಿ ಜಾರಿಗೆ ಬಂದಿತು. ದತ್ತು ತೆಗೆದುಕೊಳ್ಳುವವರು ಮಗುವನ್ನು ಸಾಕಲು ಯೋಗ್ಯರೇ ಎಂಬುದನ್ನು ನ್ಯಾಯಾಧೀಶನು ಪರೀಕ್ಷಿಸಬೇಕೆಂಬುದು ಅದರ ಸಾರ. ಇಪ್ಪತ್ತನೆಯ ಶತಮಾನದಲ್ಲಿ ಈ ಕಾರ್ಯವು ವೃತ್ತಿಪರ ಸಂಸ್ಥೆಗಳ ಕೈಗೆ ಬಂದಾಗ ಅವು ಸಾದೃಶ್ಯವೆಂಬ ತತ್ತ್ವವನ್ನು ಬಹು ನಿಷ್ಠೆಯಿಂದ ಪಾಲಿಸಿದವು. ಕೂದಲಿನ ಬಣ್ಣ, ಕಣ್ಣಿನ ಬಣ್ಣ, ಮತ, ಬುದ್ಧಿಶಕ್ತಿ ಇವೆಲ್ಲದರಲ್ಲಿಯೂ ಮಗುವು ಸಾಕುವವರನ್ನು ಹೋಲುವಂತೆ ಆರಿಸಿ ಕೊಟ್ಟು, ಹಳೆಯ ಜನನಪತ್ರಕ್ಕೆ ಮೊಹರು ಹಾಕಿ, ನೋಡಿದವರಿಗೆ ಇದು ಹೆತ್ತ ಮಗುವೇ ಎಂದು ತೋರುವಂತೆ ಮಾಡುವುದೇ ಆ ಕಾಲದ ಆದರ್ಶ. ಬಿಳಿಯ ಮನೆಯಲ್ಲಿ ಕಪ್ಪು ಮಗುವಿಗೆ ಈ ತತ್ತ್ವದಲ್ಲಿ ಎಡೆಯೇ ಇರಲಿಲ್ಲ. ಟೆಕ್ಸಸ್ 1907ರಲ್ಲಿಯೂ ಲೂಸಿಯಾನ 1948ರಲ್ಲಿಯೂ ಕಪ್ಪು ಬಿಳಿಯರ ನಡುವಣ ದತ್ತಕವನ್ನು ಕಾನೂನಿನಿಂದಲೇ ನಿಷೇಧಿಸಿದವು. ಟೆಕ್ಸಸ್‌ನ ನಿಷೇಧವು 1967ರಲ್ಲಿ, ಲೂಸಿಯಾನದ್ದು 1972ರಲ್ಲಿ ನ್ಯಾಯಾಲಯಗಳಿಂದ ರದ್ದಾಯಿತು. ಮಿಶ್ರ ಸಂತಾನದ ಗತಿಯೂ ಇದೇ ಆಗಿತ್ತು: ವರ್ಜೀನಿಯದ 1924ರ ಶಾಸನದಂತೆ ಕಪ್ಪು ಪೂರ್ವಜರ ಲವಲೇಶವಿದ್ದರೂ ಅಂತಹವನು ಬಿಳಿಯನೆನಿಸಲಾರನು. ಈ ಕಡೆ ಕಪ್ಪು ದಂಪತಿಗಳು ದತ್ತಕಕ್ಕಾಗಿ ಸಂಸ್ಥೆಗಳ ಬಾಗಿಲಿಗೆ ಹೋದರೆ, ಇಷ್ಟು ವರಮಾನವಿರಬೇಕು, ಮಗುವಿಗೆ ಪ್ರತ್ಯೇಕ ಕೋಣೆಯಿರಬೇಕು, ಹೆಂಡತಿ ಹೊರಗೆ ದುಡಿಯುವವಳಾಗಿರಬಾರದು, ಇಷ್ಟು ಶುಲ್ಕ ಕೊಡಬೇಕು ಎಂಬ ನಿಯಮಗಳು ಎದುರಾಗುತ್ತಿದ್ದವು. ಗಂಡಹೆಂಡಿರಿಬ್ಬರೂ ದುಡಿದಲ್ಲದೆ ಬದುಕಲಾಗದಂತೆ ಸಮಾಜವೇ ವಿಧಿಸಿದ್ದ ಜನರಿಗೆ ಇಂತಹ ನಿಯಮಗಳನ್ನು ಒಡ್ಡಿ, ಅವರು ಬಾರದೆ ಹೋದಾಗ ಕಪ್ಪು ಜನರಿಗೆ ದತ್ತಕದಲ್ಲಿ ಆಸಕ್ತಿಯಿಲ್ಲವೆಂದು ವರದಿ ಬರೆಯುವುದು ವಾಡಿಕೆಯಾಯಿತು.

ಇದಕ್ಕೆ ಬಡತನದ ಇನ್ನೊಂದು ಏಟು ಸೇರಿಕೊಂಡಿತು. 1960ರಲ್ಲಿ ಲೂಸಿಯಾನ ಸಂಸ್ಥಾನವು, ಅವಿವಾಹಿತೆಯಾಗಿದ್ದು ಮಗುವನ್ನು ಹೆತ್ತವಳ ಮನೆಯು ಯೋಗ್ಯವಾದ ಮನೆಯಲ್ಲವೆಂದು ತೀರ್ಮಾನಿಸಿ, ಸುಮಾರು 23,000 ಮಕ್ಕಳಿಗೆ ಸಿಗುತ್ತಿದ್ದ ಸರ್ಕಾರಿ ಸಹಾಯಧನವನ್ನು ಕಡಿದುಹಾಕಿತು. ಆ ಮಕ್ಕಳಲ್ಲಿ ಬಹುಪಾಲು ಕಪ್ಪು ಮಕ್ಕಳು. ದೇಶವೆಲ್ಲ ಇದನ್ನು ಖಂಡಿಸಿದ ಮೇಲೆ, ಮನೆ ಯೋಗ್ಯವಲ್ಲವೆಂದು ಕಂಡರೆ ಸಹಾಯಧನವನ್ನು ನಿಲ್ಲಿಸುವ ಬದಲು ಮನೆಯನ್ನು ಸುಧಾರಿಸಬೇಕು, ಇಲ್ಲವೆ ಮಗುವನ್ನು ಬೇರೆಡೆಗೆ ಸೇರಿಸಬೇಕು ಎಂದು ಕೇಂದ್ರ ಸರ್ಕಾರವು ವಿಧಿಸಿತು. ಸದುದ್ದೇಶದ ಈ ವಿಧಿಯ ಎರಡನೆಯ ಭಾಗವೇ ಹೆಚ್ಚಾಗಿ ಬಳಕೆಗೆ ಬಂದು, ಅದುವರೆಗೆ ಸರ್ಕಾರವು ಕಣ್ಣೆತ್ತಿಯೂ ನೋಡದಿದ್ದ ಕಪ್ಪು ಮಕ್ಕಳು ಸಾವಿರಗಟ್ಟಲೆಯಾಗಿ ಸರ್ಕಾರದ ಸಾಕುಮನೆಗಳನ್ನು ಸೇರಿದರು. ಬೇರೆ ಮನೆ ಸಿಗದೆ ಕಾಯುತ್ತಿರುವ ಕಪ್ಪು ಮಗು ಎಂಬುದು ಹೀಗೆ ಮನುಷ್ಯರು ಮಾಡಿದ ನಿಯಮಗಳಿಂದ ಉಂಟಾದ ಸ್ಥಿತಿ.

ಇದಕ್ಕೂ ಮೊದಲೇ ಕಪ್ಪು ಮಗುವಿನ ಮನಸ್ಸಿನೊಳಕ್ಕೆ ಇಣುಕಿ ನೋಡಿದ ಇಬ್ಬರು ಮನಶ್ಶಾಸ್ತ್ರಜ್ಞರ ಕಾರ್ಯವನ್ನು ತುಸು ವಿಸ್ತಾರವಾಗಿ ಹೇಳಬೇಕಾಗಿದೆ. ಕೆನೆತ್ ಕ್ಲಾರ್ಕ್ ಮತ್ತು ಮೇಮೀ ಕ್ಲಾರ್ಕ್ ಎಂಬ ಕಪ್ಪು ದಂಪತಿಗಳು ನಾಲ್ಕು ಬೊಂಬೆಗಳನ್ನು ಕೊಂಡು ತಂದರು. ನಾಲ್ಕೂ ಒಂದೇ ಅಚ್ಚಿನವು, ನಾಲ್ಕಕ್ಕೂ ಒಂದು ಲಂಗೋಟಿಯಷ್ಟೇ ಉಡುಪು. ಎರಡಕ್ಕೆ ಕಂದು ಮೈ, ಕಪ್ಪು ಕೂದಲು. ಎರಡಕ್ಕೆ ಬಿಳಿಯ ಮೈ, ಹಳದಿ ಕೂದಲು. ಮೂರರಿಂದ ಏಳು ವರ್ಷದೊಳಗಿನ 253 ಕಪ್ಪು ಮಕ್ಕಳ ಮುಂದೆ, ಒಬ್ಬೊಬ್ಬರಾಗಿ, ಆ ಬೊಂಬೆಗಳನ್ನಿಟ್ಟು ಕೇಳಿದರು: ಆಡಲು ನಿನಗೆ ಯಾವುದು ಬೇಕು? ಒಳ್ಳೆಯ ಬೊಂಬೆ ಯಾವುದು? ಕೆಟ್ಟದಾಗಿ ಕಾಣುವುದು ಯಾವುದು? ಮೂರರಲ್ಲಿ ಎರಡು ಪಾಲು ಮಕ್ಕಳು ಆಡಲು ಬಿಳಿಯ ಬೊಂಬೆಯನ್ನೇ ಎತ್ತಿಕೊಂಡರು. ಅರ್ಧಕ್ಕಿಂತ ಹೆಚ್ಚು ಮಕ್ಕಳು ಕೆಟ್ಟದ್ದೆಂದು ಕಂದು ಬೊಂಬೆಯನ್ನು ತೋರಿಸಿದರು. ಕಡೆಯಲ್ಲಿ, ನಿನ್ನ ಹಾಗೆ ಕಾಣುವ ಬೊಂಬೆ ಯಾವುದು ಎಂದು ಕೇಳಿದಾಗ, ಅದೇ ತಾನೇ ಕೆಟ್ಟದ್ದೆಂದು ದೂರ ತಳ್ಳಿದ ಬೊಂಬೆಯ ಕಡೆಗೆ ಮಗುವು ಬೆರಳು ತೋರಿಸಬೇಕಾಯಿತು. ಈ ಪ್ರಶ್ನೆಗೆ ಕೆಲವು ಮಕ್ಕಳು ಅಳುತ್ತ ಕೋಣೆಯಿಂದ ಓಡಿಹೋದುದನ್ನು ಕ್ಲಾರ್ಕ್ ದಂಪತಿಗಳು ದಾಖಲಿಸಿದ್ದಾರೆ. ಶಾಲೆಗಳಲ್ಲಿನ ಪ್ರತ್ಯೇಕತೆಯನ್ನು ಕಾನೂನುಬಾಹಿರವೆಂದು ಸಾರಿದ 1954ರ ಸರ್ವೋಚ್ಚ ನ್ಯಾಯಾಲಯದ ತೀರ್ಪು ಈ ಸಂಶೋಧನೆಯನ್ನು ಉಲ್ಲೇಖಿಸಿತು. ಗಮನಿಸತಕ್ಕ ವಿಷಯವೇನೆಂದರೆ, ಈ ಮಕ್ಕಳು ದತ್ತುಮಕ್ಕಳಾಗಿರಲಿಲ್ಲ. ಸ್ವಜನರ ಕೇರಿಯಲ್ಲಿ ಬೆಳೆದ ಮಗುವಿಗೂ ತನ್ನ ಬಣ್ಣದ ಮೇಲೆ ಇಂತಹ ಜುಗುಪ್ಸೆಯನ್ನು ಕಲಿಸಬಲ್ಲ ಸಮಾಜವದು. ಸುತ್ತಮುತ್ತ ತನ್ನಂತಹ ಮುಖವೊಂದನ್ನೂ ಕಾಣದೆ ಬೆಳೆಯುವ ಮಗುವಿನ ಪಾಡೇನಾದೀತೆಂಬುದು ಇದರಿಂದ ಸಹಜವಾಗಿಯೇ ಹುಟ್ಟುವ ಚಿಂತೆ.

ಕಪ್ಪು ಮಗುವೊಂದನ್ನು ಬಿಳಿಯರ ಮನೆಗೆ ದತ್ತುಕೊಟ್ಟ ಮೊದಲ ದಾಖಲೆ 1948ರದ್ದು, ಮಿನ್ನೆಸೋಟ ಸಂಸ್ಥಾನದ ಮಿನಿಯಾಪೊಲಿಸ್ ನಗರದ್ದು. ಎರಡನೆಯ ಮಹಾಯುದ್ಧಾನಂತರ ಜರ್ಮನಿಯಲ್ಲಿ ಕಪ್ಪು ಅಮೆರಿಕನ್ ಸೈನಿಕರಿಗೂ ಜರ್ಮನ್ ಹೆಂಗಸರಿಗೂ ಹುಟ್ಟಿದ ಮಕ್ಕಳ ಸಮಸ್ಯೆ ಎದ್ದಿತು. ಮೇಬಲ್ ಗ್ರಾಮರ್ ಎಂಬ ಕಪ್ಪು ಪತ್ರಕರ್ತೆ ತನ್ನ ಪತ್ರಿಕೆಯ ಮೂಲಕ ಆ ಮಕ್ಕಳ ವಿಷಯವನ್ನು ಬರೆದು, ಕಾಗದಪತ್ರಗಳ ಓಡಾಟವನ್ನೆಲ್ಲ ತಾನೇ ವಹಿಸಿಕೊಂಡು, ಸುಮಾರು 500 ಮಕ್ಕಳಿಗೆ ಅಮೆರಿಕದ ಕಪ್ಪು ಕುಟುಂಬಗಳಲ್ಲಿ ಮನೆ ದೊರಕಿಸಿದಳು. ತಾನೂ ತನ್ನ ಪತಿಯೂ ಹನ್ನೆರಡು ಮಕ್ಕಳನ್ನು ಸ್ವೀಕರಿಸಿದರು. ಕೇಳುವ ರೀತಿಯಲ್ಲಿ ಕೇಳಿದರೆ ಕಪ್ಪು ಕುಟುಂಬಗಳು ಮುಂದೆ ಬರುತ್ತವೆಂಬುದಕ್ಕೆ ಇದಕ್ಕಿಂತ ಪ್ರಬಲವಾದ ಸಾಕ್ಷಿ ಬೇಡ. ನೊಬೆಲ್ ಪಾರಿತೋಷಕವನ್ನು ಪಡೆದಿದ್ದ ಕಾದಂಬರಿಕಾರ್ತಿ ಪರ್ಲ್ ಬಕ್ ಸಹ ಇಂತಹ ಒಬ್ಬ ಬಾಲಿಕೆಯನ್ನು ದತ್ತು ತೆಗೆದುಕೊಂಡು, ಬಣ್ಣದ ಸಾದೃಶ್ಯಕ್ಕಿಂತ ಪ್ರೀತಿ ದೊಡ್ಡದೆಂದು ವಾದಿಸಿದಳು. ನಾಗರಿಕ ಹಕ್ಕುಗಳ ಚಳವಳಿಯ ಆವೇಶದಲ್ಲಿ ಅನೇಕ ಬಿಳಿಯ ದಂಪತಿಗಳಿಗೆ ಈ ವಾದವು ಹಿತವಾಯಿತು. ಅದೇ ಕಾಲದಲ್ಲಿ ಗರ್ಭನಿರೋಧಕಗಳ ಬಳಕೆಯಿಂದಲೂ, ಅವಿವಾಹಿತ ತಾಯಂದಿರು ಮಕ್ಕಳನ್ನು ತಾವೇ ಉಳಿಸಿಕೊಳ್ಳತೊಡಗಿದುದರಿಂದಲೂ ದತ್ತಕಕ್ಕೆ ಸಿಗುವ ಬಿಳಿಯ ಶಿಶುಗಳು ಕಡಮೆಯಾದುದು ಅವರು ಕಪ್ಪು ಮಕ್ಕಳತ್ತ ತಿರುಗಲು ಇನ್ನೊಂದು ಕಾರಣ. 1967ರಲ್ಲಿ ವರ್ಣಾಂತರ ವಿವಾಹದ ನಿಷೇಧವನ್ನು ಸರ್ವೋಚ್ಚ ನ್ಯಾಯಾಲಯವು ತೊಡೆದುಹಾಕಿತು. ಮರುವರ್ಷ ಮಕ್ಕಳ ಹಿತಕ್ಕಾಗಿ ದುಡಿಯುವ ಚೈಲ್ಡ್ ವೆಲ್‌ಫೇರ್ ಲೀಗ್ ಸಂಸ್ಥೆಯು ವರ್ಣಾಂತರ ದತ್ತಕಕ್ಕೆ ಅನುಕೂಲವಾಗುವಂತೆ ತನ್ನ ಸೂತ್ರಗಳನ್ನು ಬದಲಾಯಿಸಿತು. 1971ರಲ್ಲಿ ಬಿಳಿಯ ಮನೆಗಳಿಗೆ ಹೋದ ಕಪ್ಪು ಮಕ್ಕಳ ಸಂಖ್ಯೆ 2,574ಕ್ಕೆ ಏರಿತು.

ಮಾರನೆಯ ವರ್ಷವೇ ಕಪ್ಪು ಸಮಾಜಸೇವಾಕರ್ತರ ರಾಷ್ಟ್ರೀಯ ಸಂಘವು ತನ್ನ ಸಮ್ಮೇಳನದಲ್ಲಿ, ಕಪ್ಪು ಮಕ್ಕಳನ್ನು ಬಿಳಿಯರ ಮನೆಯಲ್ಲಿ ಇರಿಸುವುದನ್ನು ಯಾವ ಕಾರಣಕ್ಕೂ ಒಪ್ಪೆವೆಂದು ಘೋಷಿಸಿತು. ಆ ಘೋಷಣೆಯನ್ನು ಕೇಳಿದ ಬಿಳಿಯ ಸಾಕುತಾಯಂದಿರ ಮನಸ್ಸು ನೊಂದಿತು. ಇದು ವರ್ಣದ್ವೇಷವೇ ಎಂದು ಹಲವರು ಅಂದರು. ಆದರೆ ಸಮಾಧಾನದಿಂದ ಪರಿಶೀಲಿಸಿದರೆ ಅದರೊಳಗಿನ ವಿಚಾರವು ಬೆಲೆಯುಳ್ಳದ್ದು. ಕಪ್ಪು ಮಗುವು ಬಾಳಬೇಕಾದ ಸಮಾಜದಲ್ಲಿ ಅಪಮಾನವು ನಿತ್ಯದ್ದು. ಅದನ್ನು ನುಂಗದೆ, ಅದರಿಂದ ಮುರಿಯದೆ, ಅದಕ್ಕೆ ಉತ್ತರ ಕೊಡುವ ವಿದ್ಯೆಯು ಕಪ್ಪು ಮನೆಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದದ್ದು. ಆ ಅಪಮಾನವನ್ನು ಅನುಭವಿಸದವರು ಆ ವಿದ್ಯೆಯನ್ನು ಕಲಿಸುವುದು ಹೇಗೆ? ಮತ್ತು ಕಪ್ಪು ಮನೆಗಳ ಅಭಾವವೆಂಬುದು ಸಂಸ್ಥೆಗಳ ನಿಯಮಗಳು ಕಲ್ಪಿಸಿದ ಅಭಾವ. ಇದು ಬರಿಯ ಮಾತಲ್ಲವೆಂಬುದನ್ನು ಡೆಟ್ರಾಯಿಟ್ ನಗರದಲ್ಲಿ 1969ರಲ್ಲಿ ಸಿಡ್ನಿ ಡಂಕನ್ ಎಂಬಾಕೆಯ ನೇತೃತ್ವದಲ್ಲಿ ಆರಂಭವಾದ ಸಂಸ್ಥೆಯು ತೋರಿಸಿತ್ತು; ಅನವಶ್ಯಕವಾದ ನಿಯಮಗಳನ್ನು ಕಿತ್ತುಹಾಕಿ, ಬಂದವರನ್ನು ಮರ್ಯಾದೆಯಿಂದ ಕೂರಿಸಿ ಮಾತನಾಡಿದೊಡನೆ ಕಪ್ಪು ದಂಪತಿಗಳು ಅಲ್ಲಿಗೆ ಧಾರಾಳವಾಗಿ ಬಂದರು. ಶಿಕಾಗೋದ ಕಪ್ಪು ಪಾದ್ರಿ ಜಾರ್ಜ್ ಕ್ಲೆಮೆಂಟ್ಸ್ 1980ರಲ್ಲಿ, ಪ್ರತಿಯೊಂದು ಚರ್ಚಿನಿಂದಲೂ ಒಂದು ಕುಟುಂಬವಾದರೂ ಒಂದು ಮಗುವನ್ನು ಸ್ವೀಕರಿಸಲೆಂದು ಕರೆಕೊಟ್ಟು, ತಾನೇ ಒಬ್ಬ ಬಾಲಕನನ್ನು ದತ್ತು ತೆಗೆದುಕೊಂಡನು. 1972ರ ಘೋಷಣೆಯ ಪರಿಣಾಮವಾಗಿ ವರ್ಣಾಂತರ ದತ್ತಕಗಳ ಸಂಖ್ಯೆ 1973ರಲ್ಲಿ 1,091ಕ್ಕೆ ಇಳಿಯಿತು. ಆದರೆ ಕಪ್ಪು ಕುಟುಂಬಗಳನ್ನು ಅರಸುವ ಶ್ರಮವನ್ನು ದೇಶವು ಅದೇ ಪ್ರಮಾಣದಲ್ಲಿ ಹೆಚ್ಚಿಸಲಿಲ್ಲ. ಎರಡು ವಾದಗಳ ನಡುವೆ ಸಾಕುಮನೆಗಳಲ್ಲಿ ಕಾಯುತ್ತ ಬೆಳೆದ ಮಕ್ಕಳಿಗೆ ಇದರಿಂದ ನಷ್ಟವಾಯಿತೆಂಬುದನ್ನೂ ಒಪ್ಪಲೇಬೇಕು.

ವಿದ್ವಾಂಸರು ಏನು ಕಂಡರು? 1974ರಲ್ಲಿ ಲುಸಿಲ್ ಗ್ರೋ ಮತ್ತು ಡೆಬೊರಾ ಶಪೀರೊ 125 ಕುಟುಂಬಗಳನ್ನು ಅಧ್ಯಯನ ಮಾಡಿ, ನೂರಕ್ಕೆ 77ರಷ್ಟು ದತ್ತಕಗಳು ಸಫಲವೆಂದರು. ರೀಟ ಸೈಮನ್ ಮತ್ತು ಹೋವರ್ಡ್ ಆಲ್ಟ್‌ಸ್ಟೀನ್ ಇನ್ನೂರಕ್ಕೂ ಹೆಚ್ಚು ಕುಟುಂಬಗಳನ್ನು ಇಪ್ಪತ್ತು ವರ್ಷಗಳ ಕಾಲ ಅನುಸರಿಸಿ, ಮಕ್ಕಳು ಮನೆಯವರೊಡನೆ ಗಾಢವಾದ ಪ್ರೀತಿಯಿಂದಿದ್ದಾರೆಂದು ವರದಿಮಾಡಿದರು. ಆದರೆ 1983ರಲ್ಲಿ ರುತ್ ಮೆಕ್ರಾಯ್ ಮತ್ತು ಲೂಯಿ ಜರ್ಚರ್, ಬಿಳಿಯ ಮನೆಯ 30 ಕಪ್ಪು ಕಿಶೋರರನ್ನೂ ಕಪ್ಪು ಮನೆಯ 30 ಕಿಶೋರರನ್ನೂ ಹೋಲಿಸಿ ಹೇಳಿದ್ದು ಹೆಚ್ಚು ಸೂಕ್ಷ್ಮವಾದುದು: ಆತ್ಮಗೌರವದಲ್ಲಿ ಇಬ್ಬರಿಗೂ ವ್ಯತ್ಯಾಸವಿರಲಿಲ್ಲ, ಆದರೆ ತಾನು ಕಪ್ಪು ಜನಾಂಗದವನೆಂಬ ಅರಿವಿನಲ್ಲಿ ವ್ಯತ್ಯಾಸವಿತ್ತು, ಮತ್ತು ಅದು ಮನೆಯವರು ಎಲ್ಲಿ ವಾಸಿಸುತ್ತಾರೆ, ಮಗುವನ್ನು ಯಾವ ಶಾಲೆಗೆ ಕಳುಹಿಸುತ್ತಾರೆ, ಬಣ್ಣದ ಮಾತು ಬಂದಾಗ ಬಾಯಿ ತೆರೆಯುತ್ತಾರೋ ಮುಚ್ಚಿಕೊಳ್ಳುತ್ತಾರೋ ಎಂಬುದನ್ನು ಅವಲಂಬಿಸಿತ್ತು. ಬಿಳಿಯರೇ ತುಂಬಿದ ಬಡಾವಣೆಯಲ್ಲಿ, ನಾವೆಲ್ಲ ಮನುಷ್ಯರೇ, ಬಣ್ಣವನ್ನು ನಾವು ಗಮನಿಸುವುದಿಲ್ಲ ಎಂಬ ಮಾತನ್ನೇ ಕೇಳಿ ಬೆಳೆದ ಮಗು ತನ್ನ ಬಣ್ಣವನ್ನು ಬದಿಗಿರಿಸಲು ಯತ್ನಿಸುತ್ತಿತ್ತು. ಸಮಾಜವಾದರೋ ಅದನ್ನು ಬದಿಗಿರಿಸಲು ಬಿಡುತ್ತಿರಲಿಲ್ಲ.

ಇದು ತಲೆಗೂದಲಿನ ವಿಷಯದಲ್ಲಿ ಎದ್ದು ಕಾಣುತ್ತದೆ. ಆಫ್ರಿಕದ ಮೂಲದವರ ಕೂದಲು ಬಿಗಿಯಾಗಿ ಸುರುಳಿಗೊಂಡು, ಬೇಗ ಒಣಗಿ, ಒಣಗಿದಾಗ ಸುಲಭವಾಗಿ ತುಂಡಾಗುವಂಥದು. ಅದನ್ನು ಒದ್ದೆಮಾಡಿ, ಬೈತಲೆ ತೆಗೆದು ಭಾಗಭಾಗವಾಗಿ ವಿಂಗಡಿಸಿ, ಎಣ್ಣೆ ಹಚ್ಚಿ, ಅಗಲವಾದ ಹಲ್ಲುಗಳ ಬಾಚಣಿಗೆಯಿಂದ ತುದಿಯಿಂದ ಬುಡದ ಕಡೆಗೆ ಸಿಕ್ಕು ಬಿಡಿಸಿ, ನೆತ್ತಿಗೆ ಅಂಟುವಂತೆ ಸಣ್ಣ ಸಣ್ಣ ಜಡೆಗಳಾಗಿ ಹೆಣೆಯಬೇಕು. ಕಪ್ಪು ಮನೆಗಳಲ್ಲಿ ತಾಯಿಯೋ ಅಜ್ಜಿಯೋ ಕುರ್ಚಿಯ ಮೇಲೆ ಕುಳಿತು, ಹುಡುಗಿಯನ್ನು ನೆಲದ ಮೇಲೆ ತನ್ನ ಮೊಣಕಾಲುಗಳ ನಡುವೆ ಕೂರಿಸಿಕೊಂಡು ಗಂಟೆಗಟ್ಟಲೆ ಈ ಕೆಲಸವನ್ನು ಮಾಡುವಾಗ ಮನೆತನದ ಕಥೆ, ಊರಿನ ಸುದ್ದಿ, ಬಿಳಿಯರ ಮುಂದೆ ನಡೆದುಕೊಳ್ಳುವ ಎಚ್ಚರ ಇವೆಲ್ಲವೂ ಮಾತಿನಲ್ಲಿ ಇಳಿದು ಬರುತ್ತವೆ. ಈ ರೀತಿ ತಿಳಿಯದ ಬಿಳಿಯ ತಾಯಿ ಒಣಕೂದಲಿಗೆ ಸಣ್ಣ ಬಾಚಣಿಗೆಯನ್ನು ಎಳೆದಾಗ ಮಗು ಅಳುತ್ತದೆ, ಕೂದಲು ಕಿತ್ತುಬರುತ್ತದೆ; ಬೇಸತ್ತ ತಾಯಿ ಅದನ್ನು ಗಿಡ್ಡವಾಗಿ ಕತ್ತರಿಸುತ್ತಾಳೆ; ತನ್ನ ಕೂದಲೇ ಕೆಟ್ಟದ್ದೆಂದು ಮಗುವು ತೀರ್ಮಾನಿಸುತ್ತದೆ. ಪ್ರೀತಿಗೆ ಅಲ್ಲಿ ಕೊರತೆಯಿಲ್ಲ, ತಿಳಿವಳಿಕೆಗೆ ಇದೆ. ಸಂಕೋಚವನ್ನು ತೊರೆದು ಕಪ್ಪು ನೆರೆಯಾಕೆಯ ಬಳಿಗೋ, ಕಪ್ಪು ಜನರ ಬಡಾವಣೆಯ ಕೇಶಾಲಂಕಾರದ ಅಂಗಡಿಗೋ ಮಗುವನ್ನು ಕರೆದೊಯ್ದು, ತಾನೂ ಕಲಿತು, ಅಲ್ಲಿನ ಗೆಳೆತನವನ್ನು ಉಳಿಸಿಕೊಂಡ ತಾಯಂದಿರೂ ಇದ್ದಾರೆ. ಅವರ ಮಕ್ಕಳಿಗೆ ಕೂದಲಿನ ಜೊತೆಗೆ ಒಂದು ಸಮುದಾಯವೂ ದೊರೆಯಿತು.

ಆ ಮಕ್ಕಳು ಬೆಳೆದು ತಾವೇ ಬರೆಯತೊಡಗಿದ ಮೇಲೆ ವಾದದ ಸ್ವರೂಪವೇ ಬದಲಾಯಿತು. ಸ್ವತಃ ದತ್ತುಮಗಳಾದ ರೋಂಡ ರೂರ್ಡ, ರೀಟ ಸೈಮನ್ನಳೊಡನೆ ಸೇರಿ, ಹೀಗೆ ಬೆಳೆದವರ ಮಾತುಗಳನ್ನೇ ಸಂಗ್ರಹಿಸಿ 2000ದಲ್ಲಿ ಗ್ರಂಥವಾಗಿ ಪ್ರಕಟಿಸಿದಳು. ನ್ಯೂ ಹ್ಯಾಂಪ್‌ಷೈರಿನ ಬಿಳಿಯರ ಹಳ್ಳಿಯಲ್ಲಿ ಬೆಳೆದ ಲೇಖಕಿ ರೆಬೆಕ್ಕ ಕ್ಯಾರಲ್, ತನ್ನನ್ನು ಹೋಲುವವರೇ ಇಲ್ಲದ ಬಾಲ್ಯವನ್ನು 2021ರ ಆತ್ಮಕಥನದಲ್ಲಿ ತೆರೆದಿಟ್ಟಳು. ಬಿಳಿಯ ದಂಪತಿಗಳ ದತ್ತುಪುತ್ರನಾಗಿ ಬೆಳೆದ ಫುಟ್‌ಬಾಲ್ ಆಟಗಾರ ಕಾಲಿನ್ ಕೆಪರ್ನಿಕ್, ಕಪ್ಪು ಜನರ ಮೇಲಿನ ಪೊಲೀಸ್ ಹಿಂಸೆಯನ್ನು ಪ್ರತಿಭಟಿಸಲು 2016ರಲ್ಲಿ ರಾಷ್ಟ್ರಗೀತೆಯ ವೇಳೆ ಮಂಡಿಯೂರಿದುದು ಲೋಕಪ್ರಸಿದ್ಧವಾಗಿದೆ. ಸಾಕಿದವರ ಮೇಲಿನ ಪ್ರೀತಿಯೂ, ಮೂಲವನ್ನರಿಯುವ ಹಂಬಲವೂ ಒಂದೇ ಹೃದಯದಲ್ಲಿ ಇರಬಲ್ಲವೆಂಬುದು, ಒಂದನ್ನು ಒಪ್ಪಿದೊಡನೆ ಇನ್ನೊಂದಕ್ಕೆ ದ್ರೋಹ ಬಗೆದಂತಾಗದೆಂಬುದು ಇಂತಹ ಬರಹಗಳಿಂದ ಮನದಟ್ಟಾಗುತ್ತದೆ.

ಇತ್ತ ಶಾಸನವು ಬೇರೊಂದು ದಾರಿ ಹಿಡಿಯಿತು. ಕಾಯುತ್ತಿರುವ ಕಪ್ಪು ಮಕ್ಕಳನ್ನು ಬಣ್ಣದ ಸಾದೃಶ್ಯಕ್ಕಾಗಿ ಇನ್ನಷ್ಟು ಕಾಯಿಸುವುದು ಅನ್ಯಾಯವೆಂದು ಹಾರ್ವರ್ಡಿನ ಪ್ರಾಧ್ಯಾಪಿಕೆ ಎಲಿಜಬೆತ್ ಬಾರ್ತಲೆಟ್ 1991ರಲ್ಲಿ ಬಲವಾಗಿ ವಾದಿಸಿದಳು. ಸೆನೆಟರ್ ಹೋವರ್ಡ್ ಮೆಟ್ಜನ್‌ಬಾಮ್ ತಂದ 1994ರ ಕಾಯಿದೆಯೂ ಅದರ 1996ರ ತಿದ್ದುಪಡಿಯೂ ಬಣ್ಣದ ಕಾರಣಕ್ಕಾಗಿ ದತ್ತಕವನ್ನು ತಡೆಯುವುದನ್ನಾಗಲಿ ತಡಮಾಡುವುದನ್ನಾಗಲಿ ನಿಷೇಧಿಸಿ, ತಪ್ಪಿದವರಿಗೆ ದಂಡ ವಿಧಿಸಿದವು. ಕಾಯುವ ಮಕ್ಕಳ ಜನಾಂಗಗಳಿಂದಲೇ ಸಾಕುವವರನ್ನು ಶ್ರದ್ಧೆಯಿಂದ ಹುಡುಕಬೇಕೆಂಬ ವಿಧಿಯೂ ಅದರಲ್ಲಿತ್ತು. ಆದರೆ ಮೊದಲ ವಿಧಿಗೆ ತೋರಿದ ಕಟ್ಟುನಿಟ್ಟನ್ನು ಎರಡನೆಯದಕ್ಕೆ ತೋರಲಿಲ್ಲ. ಕಾನೂನಿನ ಭಯದಿಂದ, ಬಿಳಿಯ ದಂಪತಿಗಳನ್ನು ಬಣ್ಣದ ವಿಷಯದಲ್ಲಿ ಸಿದ್ಧಗೊಳಿಸುವ ಮಾತುಕತೆಗೂ ಸಂಸ್ಥೆಗಳು ಹಿಂಜರಿಯತೊಡಗಿದುದನ್ನು 2008ರಲ್ಲಿ ಡೊನಾಲ್ಡ್‌ಸನ್ ದತ್ತಕ ಸಂಸ್ಥೆಯ ವರದಿಯು ಎತ್ತಿ ತೋರಿಸಿ, ಕಾಯಿದೆಯನ್ನು ತಿದ್ದಬೇಕೆಂದು ಶಿಫಾರಸು ಮಾಡಿತು. ಅದೇ 2008ರಲ್ಲಿ ಬಂದ ಇನ್ನೊಂದು ಕಾಯಿದೆಯು, ಅಜ್ಜಿ, ಚಿಕ್ಕಮ್ಮ ಮೊದಲಾದ ಬಂಧುಗಳು ಮಗುವಿನ ಪಾಲಕತ್ವವನ್ನು ವಹಿಸಿದರೆ ಅವರಿಗೆ ಸಹಾಯಧನ ಕೊಡಲು ಸಂಸ್ಥಾನಗಳಿಗೆ ಕೇಂದ್ರದ ಹಣವನ್ನು ಒದಗಿಸಿತು. ದಾಸ್ಯದ ಗುಡಿಸಲುಗಳಲ್ಲಿ ಆರಂಭವಾಗಿ, ಯಾರ ಹಣವನ್ನೂ ನಿರೀಕ್ಷಿಸದೆ ನಡೆದುಬಂದ ಪದ್ಧತಿಗೆ ಸರ್ಕಾರದ ಬೊಕ್ಕಸವು ಹೀಗೆ ಬಹಳ ತಡವಾಗಿ ಬಾಗಿಲು ತೆರೆಯಿತು.

ಇಷ್ಟನ್ನೂ ಅವಲೋಕಿಸಿದ ಮೇಲೆ ನಿರ್ಣಯವು ಕಷ್ಟವೆನಿಸದು. ಕಪ್ಪು ಮಗುವಿಗೆ ಬಿಳಿಯರ ಮನೆ, ಇಲ್ಲವೆ ಮನೆಯೇ ಇಲ್ಲ ಎಂಬ ಎರಡೇ ದಾರಿಗಳನ್ನು ಮುಂದಿಟ್ಟು ಆರಿಸಿಕೊಳ್ಳಿರೆಂದ ವಾದವು ಮೂರನೆಯ ದಾರಿಯನ್ನು ಮೊದಲೇ ಮುಚ್ಚಿಬಿಟ್ಟಿತ್ತು. ಅನಾಥವಾದ ಮಗುವಿಗೆ ಮೊದಲು ಅದರ ಬಂಧುಗಳನ್ನು ಅರಸಬೇಕು, ಬಡವರಾದರೆ ಅವರಿಗೆ ನೆರವಾಗಬೇಕು. ಬಂಧುಗಳಿಲ್ಲದಿದ್ದರೆ ಅದರ ಜನರಲ್ಲಿ ಯೋಗ್ಯರನ್ನು ಮನಸ್ಸಿಟ್ಟು ಹುಡುಕಬೇಕು. ಅವರೂ ದೊರೆಯದಿದ್ದರೆ ಯಾವ ಬಣ್ಣದವರಾದರೂ ಸರಿ, ಪ್ರೀತಿಯುಳ್ಳ ಮನೆಗೆ ಅದನ್ನು ತಡವಿಲ್ಲದೆ ಒಪ್ಪಿಸಬೇಕು. ಹಾಗೆ ಸ್ವೀಕರಿಸಿದವರು ಮಗುವನ್ನು ಅದರ ಜನರ ನಡುವೆ ಓಡಾಡಿಸಬೇಕು, ಅದರ ಪೂರ್ವಿಕರ ಚರಿತ್ರೆಯನ್ನು ತಾವು ಓದಿ ಅದಕ್ಕೂ ಓದಿಸಬೇಕು, ಅದು ಬೀದಿಯಲ್ಲಿ ಉಂಡ ಅಪಮಾನವನ್ನು ಮನೆಗೆ ತಂದಾಗ ಅಲ್ಲಗಳೆಯದೆ ನಂಬಬೇಕು. ಪರರ ಮಗುವನ್ನು ತಮ್ಮದೆಂದು ಎತ್ತಿಕೊಂಡವರು ಆ ಮಗುವಿನ ಜನರನ್ನೂ ತಮ್ಮವರೆಂದು ಎತ್ತಿಕೊಳ್ಳತಕ್ಕದ್ದು; ಇದಕ್ಕೆ ಸಿದ್ಧರಿಲ್ಲದವರು ಆ ಮಗುವನ್ನು ಬೇಡಬಾರದು.